ನೀರು ನಿಂತು ಹುಟ್ಟಿದ ಮಣ್ಣು: ದಕ್ಷಿಣ ಫ್ಲೋರಿಡಾದ ಮಾರ್ಲ್ ಬಯಲಿನ ಬೇಸಾಯ

ಅಮೆರಿಕದ ಫ್ಲೋರಿಡಾ ಪರ್ಯಾಯದ್ವೀಪದ ದಕ್ಷಿಣ ತುದಿಯಲ್ಲಿ, ಮಯಾಮಿ ನಗರದ ಕೆಳಗಿನಿಂದ ಹೋಮ್‌ಸ್ಟೆಡ್ ಪಟ್ಟಣವನ್ನು ಬಳಸಿಕೊಂಡು ಫ್ಲೋರಿಡಾ ಕೊಲ್ಲಿಯ ಕಾಂಡ್ಲಾ ಕಾಡಿನ ಅಂಚಿನವರೆಗೆ ಹರಡಿರುವ ತಗ್ಗು ಬಯಲುಗಳ ಮಣ್ಣು ಬೂದುಬಿಳುಪು ಬಣ್ಣದ್ದು. ಒಣಗಿದರೆ ಪುಡಿಯಾಗುವ, ನೆನೆದರೆ ಕಾಲಿಗೆ ಮೆತ್ತಿಕೊಳ್ಳುವ ಈ ಮಣ್ಣನ್ನು ಅಲ್ಲಿನ ರೈತರೂ ಮಣ್ಣುವಿಜ್ಞಾನಿಗಳೂ ಮಾರ್ಲ್ ಎಂದು ಕರೆಯುತ್ತಾರೆ. ಮರಳಿಗಿಂತ ನುಣುಪಾದ, ಜೇಡಿಗಿಂತ ಒರಟಾದ ಕಣಗಳ ರೇವೆ ಮಣ್ಣು ಇದಾಗಿದ್ದು, ಅದರ ಬಹುಪಾಲು ಕಣಗಳು ಕ್ಯಾಲ್ಸಿಯಂ ಕಾರ್ಬೊನೇಟಿನವು, ಅಂದರೆ ಸುಣ್ಣಕಲ್ಲಿನ ದ್ರವ್ಯದವೇ ಆಗಿವೆ. ಮಣ್ಣಿನ ವರ್ಗೀಕರಣದಲ್ಲಿ ಇದು ನೀರು ಸರಿಯಾಗಿ ಬಸಿಯದ ಮಣ್ಣುಗಳ ಸಾಲಿಗೆ ಸೇರುತ್ತದೆ. ಇಪ್ಪತ್ತನೆಯ ಶತಮಾನದ ಬಹುಪಾಲು ಕಾಲ ಇಲ್ಲಿ ನಡೆದ ಬೇಸಾಯವು ಈ ಗುಣವನ್ನು ತಿದ್ದಬೇಕಾದ ದೋಷವೆಂದೇ ಭಾವಿಸಿತು. ಆದರೆ ನೀರು ನಿಂತದ್ದರಿಂದಲೇ ಈ ಮಣ್ಣು ಹುಟ್ಟಿತೆಂಬುದನ್ನು ಮರೆತರೆ ಆ ಬೇಸಾಯದ ಏಳುಬೀಳುಗಳು ಅರ್ಥವಾಗುವುದಿಲ್ಲ.

ಈ ಬಯಲಿನ ತಳದಲ್ಲಿರುವ ಮಯಾಮಿ ಸುಣ್ಣಕಲ್ಲು ಸುಮಾರು 1.25 ಲಕ್ಷ ವರ್ಷಗಳ ಹಿಂದೆ, ಎರಡು ಹಿಮಯುಗಗಳ ನಡುವೆ ಸಮುದ್ರ ಮೇಲೇರಿದ್ದ ಕಾಲದಲ್ಲಿ, ಆಳವಿಲ್ಲದ ಕಡಲಿನಲ್ಲಿ ರೂಪುಗೊಂಡಿತು. ಅದರ ಮೇಲಿನ ಮಾರ್ಲ್ ತೀರ ಈಚಿನದು. ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಸಮುದ್ರಮಟ್ಟ ಮತ್ತೆ ಏರಿ ಒಳನಾಡಿನ ಸಿಹಿನೀರು ತಡೆದು ನಿಲ್ಲತೊಡಗಿದ ಮೇಲೆ ಅದು ಕಲೆಹಾಕಿಕೊಂಡಿತು. ಉತ್ತರ ಕನ್ನಡದ ಗಜನಿ ಭೂಮಿಯ ಮಣ್ಣನ್ನು ಹೊಳೆಗಳೂ ಉಬ್ಬರವಿಳಿತಗಳೂ ತಂದು ಹಾಕಿದರೆ, ಫ್ಲೋರಿಡಾದ ಸಿಹಿನೀರಿನ ಮಾರ್ಲ್ ಅನ್ನು ಯಾವ ಹೊಳೆಯೂ ತಂದುದಲ್ಲ, ಅದು ನಿಂತ ನೀರಿನಲ್ಲಿ ಅಲ್ಲಲ್ಲೇ ತಯಾರಾದುದು. ಮಳೆಗಾಲದಲ್ಲಿ ಬಯಲನ್ನು ಆವರಿಸುವ ತೆಳುನೀರಿನಲ್ಲಿ ನೀಲಿಹಸಿರು ಪಾಚಿಗಳು, ಡಯಾಟಮ್‌ಗಳು ಮತ್ತು ಬ್ಯಾಕ್ಟೀರಿಯಾಗಳು ಹೆಣೆದುಕೊಂಡು, ಪೆರಿಫೈಟನ್ ಎಂದು ಕರೆಯಲಾಗುವ ದಪ್ಪ ಪದರವಾಗಿ ಬೆಳೆಯುತ್ತವೆ. ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸುವ ಈ ಪಾಚಿ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆ, ಸುಣ್ಣಕಲ್ಲಿನಿಂದ ಕರಗಿ ಬಂದ ಕ್ಯಾಲ್ಸಿಯಂ ನೀರಿನಲ್ಲಿ ಉಳಿಯಲಾರದೆ ಅತಿಸಣ್ಣ ಹರಳುಗಳಾಗಿ ಪಾಚಿಯ ಎಳೆಗಳ ಮೇಲೆ ಕೂರುತ್ತದೆ. ಒಣ ತಿಂಗಳುಗಳಲ್ಲಿ ನೀರು ಇಳಿದಾಗ ಪದರ ಒಣಗಿ ಉದುರಿ ಮಣ್ಣಿಗೆ ಸೇರುತ್ತದೆ. ನೀರು ವರ್ಷವಿಡೀ ನಿಲ್ಲುವ ತಗ್ಗುಗಳಲ್ಲಿ ಮಾತ್ರ ಹೀಗಾಗದೆ, ಕೊಳೆಯದೆ ಉಳಿದ ಸಸ್ಯಾವಶೇಷಗಳಿಂದ ಪೀಟ್ ಎಂಬ ಕಪ್ಪು ಮಣ್ಣು ಬೆಳೆಯುತ್ತದೆ. ಹೀಗೆ ಮಾರ್ಲ್‌ಗೆ ನೀರೂ ಬೇಕು, ಒಣಗಾಲವೂ ಬೇಕು.

ನೀರು ಬಸಿಯದಿರುವ ಕಾರಣವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ, ಏಕೆಂದರೆ ಮುಂದಿನ ಇತಿಹಾಸವೆಲ್ಲ ಅದರಲ್ಲೇ ಅಡಗಿದೆ. ನುಣುಪು ರೇವೆಯ ಮೂಲಕ ನೀರು ನಿಧಾನವಾಗಿ ಇಳಿಯುತ್ತದೆ, ನೆಲದ ಇಳಿಜಾರು ಕಿಲೋಮೀಟರಿಗೆ ಕೆಲವೇ ಸೆಂಟಿಮೀಟರ್ ಎಂಬ ಎರಡೂ ಮಾತು ನಿಜವೇ. ಆದರೆ ಕೆಳಗಿನ ಸುಣ್ಣಕಲ್ಲು ನೀರನ್ನು ತಡೆಯುವ ಬಂಡೆಯಲ್ಲ; ಅದು ರಂಧ್ರಗಳಿಂದ ತುಂಬಿದ, ಜಗತ್ತಿನಲ್ಲೇ ಅತ್ಯಂತ ಸರಾಗವಾಗಿ ನೀರು ಹರಿಯಗೊಡುವ ಜಲಧರ ಶಿಲೆಗಳಲ್ಲೊಂದು. ಮಳೆಗಾಲದಲ್ಲಿ ಅಂತರ್ಜಲವೇ ನೆಲದ ಮಟ್ಟಕ್ಕೆ ಏರಿ ನಿಲ್ಲುವುದರಿಂದ, ಒಂದು ಹೊಲದ ಬದಿಗೆ ಬಸಿಗಾಲುವೆ ತೋಡಿದ ಮಾತ್ರಕ್ಕೆ ಆ ಹೊಲ ಒಣಗುವುದಿಲ್ಲ. ಒಂದು ಹೊಲವನ್ನು ಒಣಗಿಸಬೇಕಾದರೆ ಇಡೀ ಪ್ರದೇಶದ ಅಂತರ್ಜಲವನ್ನೇ ಇಳಿಸಬೇಕು. ಹಾಗೆ ಇಳಿಸಿದರೆ ಅದೇ ರಂಧ್ರಗಳ ಮೂಲಕ ಪಕ್ಕದ ಸಮುದ್ರ ಒಳನುಗ್ಗುತ್ತದೆ.

ಈ ಮಣ್ಣಿನ ಒಂದು ಪ್ರಮುಖ ಬಗೆಗೆ ಪೆರಿನ್ ಎಂಬ ಹೆಸರಿದೆ. ಮೆಕ್ಸಿಕೋದ ಕಂಪೀಚೆಯಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ ವೈದ್ಯ ಹೆನ್ರಿ ಪೆರಿನ್ ಉಷ್ಣವಲಯದ ಉಪಯುಕ್ತ ಸಸ್ಯಗಳನ್ನು, ಅದರಲ್ಲೂ ನಾರು ಕೊಡುವ ಕತ್ತಾಳೆಯನ್ನು, ದಕ್ಷಿಣ ಫ್ಲೋರಿಡಾದಲ್ಲಿ ಬೆಳೆಸುವ ಯೋಜನೆ ಮಾಡಿದ್ದನು. 1838ರಲ್ಲಿ ಅಮೆರಿಕದ ಕಾಂಗ್ರೆಸ್ ಅವನಿಗೆ ಒಂದು ಟೌನ್‌ಶಿಪ್, ಅಂದರೆ 36 ಚದರ ಮೈಲಿ ಭೂಮಿಯನ್ನು ಮಂಜೂರು ಮಾಡಿತು. ಆದರೆ ಅಲ್ಲಿನ ಮೂಲನಿವಾಸಿ ಸೆಮಿನೋಲರನ್ನು ಒಕ್ಕಲೆಬ್ಬಿಸಲು ಸರ್ಕಾರ ನಡೆಸುತ್ತಿದ್ದ ಯುದ್ಧದ ನಡುವೆ, 1840ರ ಆಗಸ್ಟ್ 7ರಂದು, ಇಂಡಿಯನ್ ಕೀ ದ್ವೀಪದ ಮೇಲೆ ನಡೆದ ದಾಳಿಯಲ್ಲಿ ಅವನು ಹತನಾದನು. ಅವನ ಯೋಜನೆ ಅಲ್ಲಿಗೇ ನಿಂತಿತು. ಹೆಸರು ಮೊದಲು ಒಂದು ಊರಿಗೆ, ಆಮೇಲೆ ಮಣ್ಣಿಗೆ ಅಂಟಿಕೊಂಡಿತು.

ಬೇಸಾಯ ನಿಜವಾಗಿ ಕಾಲೂರಿದ್ದು ರೈಲಿನೊಂದಿಗೆ. ಹೆನ್ರಿ ಫ್ಲಾಗ್ಲರ್‌ನ ರೈಲುಮಾರ್ಗ 1896ರಲ್ಲಿ ಮಯಾಮಿಯನ್ನೂ 1904ರಲ್ಲಿ ಹೋಮ್‌ಸ್ಟೆಡ್ಡನ್ನೂ ಮುಟ್ಟಿದ ಮೇಲೆ, ಉತ್ತರದ ನಗರಗಳು ಹಿಮದಡಿ ಇರುವ ತಿಂಗಳುಗಳಲ್ಲಿ ಟೊಮ್ಯಾಟೊ ಕಳುಹಿಸಿ ಹಣ ಮಾಡುವ ದಾರಿ ತೆರೆಯಿತು. ನೆಲಸಿಗರು ಮನೆ ಕಟ್ಟಿಕೊಂಡದ್ದು ಪೈನ್ ಮರಗಳು ಬೆಳೆದ ಸುಣ್ಣಕಲ್ಲಿನ ದಿಣ್ಣೆಯ ಮೇಲೆ. ಅಲ್ಲಿ ನೇಗಿಲು ಇಳಿಯುವಷ್ಟು ಮಣ್ಣಿರಲಿಲ್ಲ. ಆ ದಿಣ್ಣೆಯನ್ನು ಅಡ್ಡಹಾಯ್ದು ಕಡಲಿಗೆ ಸಾಗುವ ತಗ್ಗುಪಟ್ಟಿಗಳಿಗೆ ಗ್ಲೇಡ್ ಎಂದು ಹೆಸರು. ಮಾರ್ಲ್ ತುಂಬಿದ, ಮರಗಳಿಲ್ಲದ, ಕಲ್ಲಿಲ್ಲದ ಈ ಪಟ್ಟಿಗಳು ಹೊಲಗಳಾದವು. ಅಕ್ಟೋಬರ್ ಕಳೆದು ನೀರು ಇಳಿಯುವವರೆಗೆ ಕಾಯುವುದು, ನೆಲ ಬಿರಿಯುವ ಮುನ್ನ ಉತ್ತು ಏರುಮಡಿಗಳ ಮೇಲೆ ಸಸಿ ನಾಟುವುದು, ಮುಂದಿನ ಮಳೆಗೆ ಮುಂಚೆ ಕೊಯ್ದು ಮುಗಿಸುವುದು, ಇದು ಅವರ ಪಂಚಾಂಗವಾಗಿತ್ತು. ಮಣ್ಣಿನ ಸ್ವಂತ ಲಯವನ್ನೇ ಅನುಸರಿಸಿದ ಈ ಬೇಸಾಯವು ವರ್ಷದ ಅರ್ಧವನ್ನು ನೀರಿಗೆ ಬಿಟ್ಟುಕೊಟ್ಟಿತ್ತು. ಆಗಿನ ಕಠಿಣ ದುಡಿಮೆಯ ದೊಡ್ಡ ಪಾಲನ್ನು ಬಹಾಮಾ ದ್ವೀಪಗಳಿಂದ ಬಂದ ಕಪ್ಪು ಕೂಲಿಕಾರರು ಹೊತ್ತರು. ದಿಣ್ಣೆಯ ನೆಲಸಿಗರ ಸಾಹಸಗಾಥೆಗಳಲ್ಲಿ ಅವರಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಮಣ್ಣು ಬೆಳೆಯನ್ನು ಹೊತ್ತರೂ ಸುಲಭವಾಗಿ ಪೋಷಿಸಲಿಲ್ಲ. ಮಣ್ಣಿನ ಆಮ್ಲತೆ ಅಥವಾ ಕ್ಷಾರತೆಯನ್ನು ಹೇಳುವ ರಸಸಾರ ಇಲ್ಲಿ ಏಳೂವರೆಯಿಂದ ಎಂಟರ ಆಸುಪಾಸಿನಲ್ಲಿರುತ್ತದೆ. ಅಷ್ಟು ಕ್ಷಾರದಲ್ಲಿ, ಅಷ್ಟು ಸುಣ್ಣದ ನಡುವೆ, ಹಾಕಿದ ರಂಜಕವು ಕ್ಯಾಲ್ಸಿಯಂ ಜೊತೆ ಕೂಡಿ ಬೇರಿಗೆ ದಕ್ಕದ ರೂಪಕ್ಕೆ ತಿರುಗುತ್ತದೆ, ಕಬ್ಬಿಣ, ಸತು ಮತ್ತು ಮ್ಯಾಂಗನೀಸ್ ಮಣ್ಣಿನಲ್ಲಿದ್ದರೂ ಕರಗುವುದಿಲ್ಲ. ನರಗಳು ಮಾತ್ರ ಹಸಿರಾಗಿ ಉಳಿದು ಎಲೆಯೆಲ್ಲ ಹಳದಿಗೆ ತಿರುಗಿ ಟೊಮ್ಯಾಟೊ ಗಿಡಗಳು ಕುಗ್ಗುತ್ತಿದ್ದುದಕ್ಕೆ ಕಾರಣ ಬಹುಕಾಲ ಗೊತ್ತಾಗಿರಲಿಲ್ಲ. 1920ರ ದಶಕದಲ್ಲಿ ಆಸ್ವಾಲ್ಡ್ ಶ್ರೈನರ್ ಮೊದಲಾದ ಅಮೆರಿಕದ ಕೃಷಿ ಇಲಾಖೆಯ ರಸಾಯನಶಾಸ್ತ್ರಜ್ಞರು ಈ ಗ್ಲೇಡ್ ಮಣ್ಣಿನಲ್ಲಿ ಮ್ಯಾಂಗನೀಸ್ ಸಲ್ಫೇಟ್ ಕೊಟ್ಟು ನೋಡಿದಾಗ ಗಿಡಗಳು ಚೇತರಿಸಿಕೊಂಡವು. ಗಿಡಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ಧಾತುವೊಂದರ ಕೊರತೆಯೇ ಹೊಲವೊಂದನ್ನು ಬಂಜೆಯಾಗಿಸಬಲ್ಲದೆಂದು ತೋರಿಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಮಣ್ಣುವಿಜ್ಞಾನಕ್ಕೆ ಈ ಬಯಲು ಕೊಟ್ಟ ಕಾಣಿಕೆ ಸಣ್ಣದಲ್ಲ.

ಅದೇ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಬಯಲಿನ ಆಧಾರವೇ ಸಡಿಲವಾಗುತ್ತಿತ್ತು. 1905ರಲ್ಲಿ ಫ್ಲೋರಿಡಾದ ಗವರ್ನರ್ ಆದ ನೆಪೋಲಿಯನ್ ಬೋನಪಾರ್ಟ್ ಬ್ರೋವರ್ಡ್ ಎವರ್‌ಗ್ಲೇಡ್ಸ್ ಜೌಗನ್ನು ಒಣಗಿಸುವುದನ್ನೇ ತನ್ನ ಘೋಷಣೆಯಾಗಿಸಿಕೊಂಡಿದ್ದನು. ಅಂದಿನಿಂದ ತೋಡಿದ ಕಾಲುವೆಗಳು ಒಳನಾಡಿನ ಸಿಹಿನೀರನ್ನು ನೇರವಾಗಿ ಸಮುದ್ರಕ್ಕೆ ಸುರಿದವು. ಕರಾವಳಿಯ ಅಂತರ್ಜಲದಲ್ಲಿ ಹಗುರವಾದ ಸಿಹಿನೀರು ಭಾರದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಸಮುದ್ರಮಟ್ಟಕ್ಕಿಂತ ಮೇಲಿರುವ ಸಿಹಿನೀರು ಒಂದು ಅಡಿ ಇಳಿದರೆ ತಳದ ಉಪ್ಪುನೀರು ಸುಮಾರು 40 ಅಡಿ ಮೇಲೇರುತ್ತದೆ ಎಂಬ ಲೆಕ್ಕ ಜಲವಿಜ್ಞಾನದಲ್ಲಿದೆ. ಮಯಾಮಿಯ ಬಾವಿಗಳು ಉಪ್ಪಾದವು. ಕಾಲುವೆಗಳ ಮೂಲಕ ಉಬ್ಬರದ ನೀರು ಒಳಗೆ ಬಂದು ಕಡಲಂಚಿನ ಮಾರ್ಲ್ ಹೊಲಗಳನ್ನು ಕೆಡಿಸಿತು. ಸೇಬಲ್ ಭೂಶಿರದಲ್ಲಿ 1920ರ ದಶಕದಲ್ಲಿ ಫ್ಲಾಗ್ಲರ್‌ನ ಭೂ ಕಂಪನಿ ಸಮುದ್ರವನ್ನು ತಡೆದಿದ್ದ ಮಾರ್ಲ್ ದಿಬ್ಬವನ್ನೇ ಕಡಿದು ಕಾಲುವೆ ತೆಗೆದಾಗ, ಅದರ ಹಿಂದಿನ ಸಿಹಿನೀರಿನ ಜೌಗಿಗೆ ಉಪ್ಪುನೀರು ನುಗ್ಗಿತು, ಬೇಸಾಯದ ಆಸೆಯಂತೂ ಕೈಗೂಡಲಿಲ್ಲ. ಎವರ್‌ಗ್ಲೇಡ್ಸ್‌ನ ಆಗ್ನೇಯ ಅಂಚಿನ 1940ರ ವೈಮಾನಿಕ ಚಿತ್ರಗಳನ್ನು 1994ರವುಗಳೊಂದಿಗೆ ಹೋಲಿಸಿದ ಸಂಶೋಧಕರು, ಕುಳ್ಳು ಕಾಂಡ್ಲಾ ಗಿಡಗಳಷ್ಟೇ ವಿರಳವಾಗಿ ಬೆಳೆಯುವ, ಚಿತ್ರಗಳಲ್ಲಿ ಬೆಳ್ಳಗೆ ಕಾಣುವ ಕರಾವಳಿ ಪಟ್ಟಿಯು ಸರಾಸರಿ 1.5 ಕಿಲೋಮೀಟರ್ ಒಳಕ್ಕೆ ಸರಿದಿರುವುದನ್ನು ಗುರುತಿಸಿದರು.

ಟೊಮ್ಯಾಟೊ ಬೇಸಾಯ ಮಾರ್ಲ್ ಬಿಟ್ಟು ಮೇಲೆ ಹತ್ತಿದ್ದು ಶತಮಾನದ ನಡುಭಾಗದಲ್ಲಿ. ಸುಣ್ಣಕಲ್ಲಿನ ಮೇಲ್ಪದರವನ್ನೇ ಒಡೆದು ಪುಡಿಮಾಡುವ ಬಂಡೆ ನೇಗಿಲು ಬಳಕೆಗೆ ಬಂದ ಮೇಲೆ ಮಳೆನೀರು ಕೂಡಲೇ ಬಸಿದುಹೋಗುವ ಗರಸು ಹೊಲಗಳನ್ನು ದಿಣ್ಣೆಯ ಮೇಲೇ ಸೃಷ್ಟಿಸಲು ಸಾಧ್ಯವಾಯಿತು. ಆಲೂಗಡ್ಡೆ, ಕೆಸುವಿನ ಜಾತಿಯ ಗೆಡ್ಡೆಗಳಂಥ ಬೆಳೆಗಳು ಮಾತ್ರ ಕೆಳಗಿನ ಮಾರ್ಲ್‌ನಲ್ಲಿ ಉಳಿದವು. ಈ ನೇಗಿಲಿನ ಪರಿಣಾಮ ಅತ್ಯಂತ ಸ್ಪಷ್ಟವಾಗಿ ಕಾಣುವುದು 1947ರಲ್ಲಿ ಉದ್ಘಾಟನೆಗೊಂಡ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದೊಳಗೆ ಖಾಸಗಿ ಹೊಲಗಳಾಗಿ ಉಳಿದು, ಹೋಲ್ ಇನ್ ದ ಡೋನಟ್ ಎಂದು ಹೆಸರಾದ ಪ್ರದೇಶದಲ್ಲಿ. ಅಲ್ಲಿ ಹಿಂದೆ ಮಾರ್ಲ್ ಮೇಲೆ ಮಾತ್ರ ಬೆಳೆ ತೆಗೆದು ಕೈಬಿಟ್ಟ ಹೊಲಗಳಿಗೆ ಕಾಲಕ್ರಮದಲ್ಲಿ ಬಯಲಿನ ಹುಲ್ಲುಗಳು ಮರಳಿದ್ದವು. ಬಂಡೆ ನೇಗಿಲು ಹೊಡೆದ ಹೊಲಗಳಿಗೆ 1975ರಲ್ಲಿ ಬೇಸಾಯ ನಿಂತ ಮೇಲೂ ಅವು ಮರಳಲಿಲ್ಲ: ಪುಡಿಗಲ್ಲು ಬೆರೆತು ಎತ್ತರವಾದ, ಗಾಳಿಯಾಡುವ, ಗೊಬ್ಬರದ ರಂಜಕ ಉಳಿಸಿಕೊಂಡ ಆ ಹೊಸ ಮಣ್ಣನ್ನು ಬ್ರೆಜಿಲಿಯನ್ ಪೆಪ್ಪರ್ ಎಂಬ ಪರದೇಶಿ ಗಿಡ ದಟ್ಟ ಪೊದೆಯಾಗಿ ಆಕ್ರಮಿಸಿತು. ಕಡಿದರೂ ಸುಟ್ಟರೂ ಅದು ಹೋಗಲಿಲ್ಲ. ಕೊನೆಗೆ 1980ರ ದಶಕದ ಅಂತ್ಯದಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಆ ಮಣ್ಣನ್ನೆಲ್ಲ ತಳಬಂಡೆಯವರೆಗೆ ಕೆರೆದು ತೆಗೆದು, ನೆಲ ತಗ್ಗಿ ನೀರು ಮತ್ತೆ ನಿಲ್ಲುವಂತೆ ಮಾಡಲಾಯಿತು. ಬರಿಯ ಕಲ್ಲಿನ ಮೇಲೆ ಪಾಚಿಪದರ ಹುಟ್ಟಿ ತೆಳುವಾದ ಹೊಸ ಮಾರ್ಲ್ ಕೂರತೊಡಗಿತು, ಅದರ ಹಿಂದೆಯೇ ಜೌಗಿನ ಸಸ್ಯಗಳು ಬಂದವು.

ಉದ್ಯಾನದ ಪೂರ್ವದ ಗಡಿಯಲ್ಲಿ ವಿವಾದ ಇನ್ನೂ ತೀರಿಲ್ಲ. 1947ರ ಪ್ರವಾಹದ ನಂತರ ಕಾಂಗ್ರೆಸ್ 1948ರಲ್ಲಿ ಒಪ್ಪಿದ ನೀರು ನಿಯಂತ್ರಣ ಯೋಜನೆಯ ಭಾಗವಾಗಿ 1960ರ ದಶಕದಲ್ಲಿ ತೋಡಿದ ಸಿ-111 ಕಾಲುವೆ ಹೊಲಗಳನ್ನು ಮುಳುಗದಂತೆ ಕಾಯುತ್ತಾ ಉದ್ಯಾನದ ಬಯಲನ್ನು ಅತಿಯಾಗಿ ಒಣಗಿಸಿತು. ಬೇರೆ ಕಡೆಯಿಂದ ಅಕಾಲದಲ್ಲಿ ಬಿಟ್ಟ ನೀರು ಪಶ್ಚಿಮದ ಬಯಲನ್ನು ಮುಳುಗಿಸಿತು. 1918ರಲ್ಲಿ ಸೇಬಲ್ ಭೂಶಿರದಲ್ಲಿ ಮೊದಲು ಗುರುತಿಸಲಾದ, ಈಗ ಒಳನಾಡಿನ ಮಾರ್ಲ್ ಹುಲ್ಲುಗಾವಲುಗಳಲ್ಲಷ್ಟೇ ಬದುಕಿರುವ ಕೇಪ್ ಸೇಬಲ್ ಸೀಸೈಡ್ ಸ್ಪ್ಯಾರೋ ಎಂಬ ಸಣ್ಣ ಹಕ್ಕಿ, ನೆಲದಿಂದ ಒಂದು ಗೇಣಿನಷ್ಟು ಮೇಲೆ ಹುಲ್ಲಿನ ಬುಡದಲ್ಲಿ ಗೂಡು ಕಟ್ಟುತ್ತದೆ. ನೀರು ಇಳಿದು ಮತ್ತೆ ಏರುವ ನಡುವಿನ ತಿಂಗಳುಗಳಲ್ಲೇ ಮರಿ ಮಾಡಿ ಮುಗಿಸಬೇಕಾದ ಈ ಹಕ್ಕಿಯ ಅವಧಿಯೂ ಮೊದಲ ಟೊಮ್ಯಾಟೊ ಬೆಳೆಗಾರರ ಅವಧಿಯಂತೆ ಒಣ ತಿಂಗಳುಗಳಿಗೇ ಸೀಮಿತ. ಕಾಲುವೆಯ ತೂಬುಗಳನ್ನು ಯಾವ ತಿಂಗಳು ಎಷ್ಟು ತೆರೆಯಬೇಕೆಂಬ ಪ್ರಶ್ನೆಗೆ ಹಕ್ಕಿಯ ಗೂಡು, ಗಡಿಯಾಚೆಯ ಆಲೂಗಡ್ಡೆ ಹೊಲ ಮತ್ತು ಮೇಲೇರುತ್ತಿರುವ ಸಮುದ್ರ ಮೂರನ್ನೂ ಲೆಕ್ಕಕ್ಕೆ ಹಿಡಿದು ಅಲ್ಲಿನ ಎಂಜಿನಿಯರುಗಳು ಇಂದಿಗೂ ಉತ್ತರ ಹುಡುಕುತ್ತಿದ್ದಾರೆ.