ಗೃಹವಿಕ್ರಯವೂ ಮಧ್ಯಸ್ಥರೂ

ನಮ್ಮ ಜಿಲ್ಲೆಗಳ ಹಳೆಯ ಬೀದಿಗಳಲ್ಲಿ ‘ಮಾರಾಟಕ್ಕಿದೆ’ ಎಂಬ ಹಲಗೆಯನ್ನು ತೂಗಿಹಾಕಿಕೊಂಡ ಮನೆಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಮಕ್ಕಳು ಉದ್ಯೋಗಾರ್ಥವಾಗಿ ದೂರದ ಊರುಗಳನ್ನು ಸೇರಿರುವರು. ತೊಟ್ಟಿಯ ಮನೆಯನ್ನು ಗುಡಿಸಿ ಸಾರಿಸುವ ಶಕ್ತಿ ಹಿರಿಯರಲ್ಲಿ ಉಳಿದಿಲ್ಲ. ದಲ್ಲಾಳಿಗೆ ಒಪ್ಪಿಸಿ ವರ್ಷವೊಂದು ಕಳೆದರೂ ಕೊಳ್ಳುವವರು ದೊರೆತಿಲ್ಲ. ಬಂದವರು ಕೇಳುವ ಬೆಲೆಗೆ ಒಡೆಯನ ಮನಸ್ಸು ಒಪ್ಪದು. ಒಡೆಯನು ಹೇಳುವ ಬೆಲೆಯನ್ನು ಕೇಳಿದವರು ಎರಡನೆಯ ಸಲ ಬಾರರು. ಇಂತಹ ಸಂದರ್ಭದಲ್ಲಿ ಮನೆಯ ನಿಜವಾದ ಬೆಲೆ ಯಾವುದು, ಅದನ್ನು ನಿರ್ಣಯಿಸತಕ್ಕವರು ಯಾರು, ನಡುವೆ ನಿಂತವನು ಯಾರ ಪಕ್ಷದವನು ಎಂಬ ಪ್ರಶ್ನೆಗಳು ಹುಟ್ಟುವುದು ಸಹಜ. ಇವು ಹೊಸ ಪ್ರಶ್ನೆಗಳಲ್ಲ. ನಮ್ಮ ಶಾಸ್ತ್ರಕಾರರೂ ಶಾಸನಗಳನ್ನು ಬರೆಯಿಸಿದವರೂ ಇವುಗಳಿಗೆ ತಮ್ಮ ತಮ್ಮ ಕಾಲಕ್ಕೆ ತಕ್ಕ ಉತ್ತರಗಳನ್ನು ಕೊಟ್ಟಿರುವರು. ಆ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸಿ, ಅವುಗಳಲ್ಲಿ ನಮಗೆ ಉಳಿದಿರುವುದೆಷ್ಟು, ಕಳೆದುಹೋಗಿರುವುದೆಷ್ಟು ಎಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

೧

ಮನೆಯ ಮಾರಾಟದ ವಿಧಿಗಳನ್ನು ವಿವರವಾಗಿ ಹೇಳುವ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಮುಖ್ಯವಾದುದು. ಬಹುಕಾಲ ಹೆಸರು ಮಾತ್ರದಿಂದ ತಿಳಿದಿದ್ದ ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರೆಂಬುದು ಕನ್ನಡನಾಡಿಗೆ ಹೆಮ್ಮೆಯ ವಿಷಯ. ಅದರ ಮೂರನೆಯ ಅಧಿಕರಣದಲ್ಲಿ ವಾಸ್ತುವಿಕ್ರಯದ ಪ್ರಕರಣವೊಂದು ಉಂಟು.

ಅಲ್ಲಿಯ ವ್ಯವಸ್ಥೆ ಹೀಗಿದೆ. ಮನೆ ಹೊಲಗಳನ್ನು ಕೊಳ್ಳುವ ಹಕ್ಕು ಮೊದಲು ಜ್ಞಾತಿಗಳಿಗೆ, ಅನಂತರ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟ ಧನಿಕರಿಗೆ. ಇವರು ಬೇಡವೆಂದ ಮೇಲೆ ಹೊರಗಿನವರಿಗೆ. ಮಾರತಕ್ಕ ಮನೆಯ ಮುಂದೆ ನೆರೆಯ ನಾಲ್ವತ್ತು ಕುಲದವರು ನೆರೆಯಬೇಕು. ಗ್ರಾಮವೃದ್ಧರ ಎದುರಿಗೆ ಹೊಲ, ತೋಟ, ಕಟ್ಟೆ, ಕೆರೆಗಳ ಎಲ್ಲೆಗಳನ್ನು ಇದ್ದಂತೆ ಸಾರಬೇಕು. ಇಷ್ಟು ಬೆಲೆಗೆ ಕೊಳ್ಳುವವರು ಯಾರೆಂದು ಮೂರು ಸಲ ಕೂಗಿ, ಯಾರೂ ತಡೆಯದಿದ್ದರೆ ಕೊಳ್ಳುವವನು ಕೊಳ್ಳಬಹುದು. ಪೋಟಿಯಿಂದ ಬೆಲೆ ಏರಿದರೆ ಏರಿದ ಮೊತ್ತವು ಸುಂಕದೊಡನೆ ರಾಜನ ಬೊಕ್ಕಸಕ್ಕೆ ಸೇರತಕ್ಕುದು. ಒಡೆಯನಿಲ್ಲದಾಗ ಅವನ ಮನೆಯ ಮೇಲೆ ಬೆಲೆ ಕೂಗಿದವನಿಗೆ ೨೪ ಪಣಗಳ ದಂಡ.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಮಾರಾಟವು ಹತ್ತು ಜನರ ಕಣ್ಣೆದುರಿಗೆ ನಡೆಯುವ ಕೆಲಸ. ಬೆಲೆಯೂ ಎಲ್ಲೆಯೂ ಬಹಿರಂಗವಾದುವು. ಎರಡನೆಯದಾಗಿ, ಪೋಟಿಯ ಲಾಭವು ಮಾರುವವನಿಗೆ ಸೇರುವುದಿಲ್ಲ. ಆದುದರಿಂದ ಕೃತಕವಾಗಿ ಬೆಲೆ ಏರಿಸುವ ಆಶೆಗೆ ಅಲ್ಲಿ ಅವಕಾಶವೇ ಇಲ್ಲ. ಮೊದಲು ಕೂಗುವ ಬೆಲೆಯೇ ಮಾರುವವನ ಬೆಲೆ. ಅದನ್ನು ಅವನು ಆಲೋಚಿಸಿಯೇ ಹೇಳಬೇಕಾಗಿದ್ದಿತು.

೨

ಅರ್ಥಶಾಸ್ತ್ರದ ದೃಷ್ಟಿ ರಾಜ್ಯದ್ದು. ಧರ್ಮಶಾಸ್ತ್ರದ ದೃಷ್ಟಿ ಕುಟುಂಬದ್ದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಸ್ಥಾವರವನ್ನು ಮಾರಲಾಗದು, ಬೇಕಾದರೆ ಸಮ್ಮತಿಯಿಂದ ಆಧಿಯಾಗಿ ಇಡಬಹುದು ಎಂಬ ಸ್ಮೃತಿವಚನವೊಂದು ಅವನ ಮುಂದೆ ಇದ್ದಿತು. ಗ್ರಾಮ, ಜ್ಞಾತಿ, ನೆರೆಯವರು, ದಾಯಾದರು ಇವರ ಅನುಮತಿ, ಹಿರಣ್ಯ, ಉದಕ ಎಂಬ ಆರರಿಂದ ಭೂಮಿಯು ಕೈ ಬದಲಾಯಿಸುತ್ತದೆಂಬ ಇನ್ನೊಂದು ವಚನವೂ ಇದ್ದಿತು. ಲೋಕದಲ್ಲಿಯಾದರೋ ಮಾರಾಟಗಳು ನಡೆಯುತ್ತಲೇ ಇದ್ದುವು.

ವಿಜ್ಞಾನೇಶ್ವರನ ಪರಿಹಾರವು ಅವನ ವ್ಯವಹಾರಜ್ಞಾನಕ್ಕೆ ನಿದರ್ಶನವಾಗಿದೆ. ಗ್ರಾಮದವರ ಅನುಮತಿಯಿಲ್ಲದೆ ಮಾರಾಟವು ಸಿದ್ಧಿಸುವುದಿಲ್ಲವೆಂದು ಅವನು ಹೇಳುವುದಿಲ್ಲ. ವ್ಯವಹಾರವು ಪ್ರಕಾಶವಾಗಲೆಂದು, ಎಂದರೆ ನಾಲ್ಕು ಜನರಿಗೆ ತಿಳಿದಿರಲೆಂದು, ಆ ಅನುಮತಿ ಬೇಕು. ನೆರೆಯವರ ಅನುಮತಿಯು ಎಲ್ಲೆಯ ಜಗಳವನ್ನು ತಪ್ಪಿಸುವುದಕ್ಕಾಗಿ. ಇನ್ನು ಹಿರಣ್ಯೋದಕಗಳು: ಮಾರಾಟವು ನಿಷಿದ್ಧ, ದಾನವು ಶ್ಲಾಘ್ಯ; ಆದುದರಿಂದ ಮಾರಲೇಬೇಕಾಗಿ ಬಂದವನು ಹೊನ್ನು ನೀರುಗಳೊಡನೆ ಧಾರೆಯೆರೆದು ದಾನದ ರೂಪದಿಂದಲೇ ಮಾರತಕ್ಕುದು. ಮನೆಯನ್ನು ಕಳೆದುಕೊಳ್ಳುವವನ ಮನಸ್ಸಿನ ಸಂಕಟವನ್ನು ಶಾಸ್ತ್ರವು ಅರಿತಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಾರುವವನ ಕೈಯು ಬೇಡುವ ಕೈಯಾಗದೆ ಕೊಡುವ ಕೈಯಾಗಿಯೇ ಉಳಿಯುತ್ತಿದ್ದಿತು.

ಮುಂಗಡದ ವಿಷಯದಲ್ಲಿಯೂ ಮಿತಾಕ್ಷರೆಯ ಮಾತು ಸ್ಪಷ್ಟವಾಗಿದೆ. ವ್ಯವಹಾರವನ್ನು ಸತ್ಯವಾಗಿಸುವುದಕ್ಕೆ ಕೊಟ್ಟ ಉಂಗುರ ಮೊದಲಾದುದು ಸತ್ಯಂಕಾರ. ಕೊಟ್ಟವನು ಮಾತು ತಪ್ಪಿದರೆ ಕೊಟ್ಟದ್ದನ್ನು ಕಳೆದುಕೊಳ್ಳಬೇಕು. ತೆಗೆದುಕೊಂಡವನು ತಪ್ಪಿದರೆ ಇಮ್ಮಡಿಯಾಗಿ ಹಿಂದಿರುಗಿಸಬೇಕು. ಈ ಸತ್ಯಂಕಾರವೇ ಕನ್ನಡದಲ್ಲಿ ಸಂಚಕಾರವಾಯಿತು. ಜೀವಕ್ಕೆ ಸಂಚಕಾರ ಬಂದಿತೆಂದು ನಾವು ಆಡುವಾಗ ಆ ಪದದ ಮೂಲಾರ್ಥವನ್ನು ಮರೆತಿರುತ್ತೇವೆ. ಮುಂಗಡ ತೆಗೆದುಕೊಂಡು ಮಾತಿಗೆ ತಪ್ಪಿದವರ ಪಾಡನ್ನು ಬಲ್ಲವರಿಗೆ ಈ ಅರ್ಥವಿಕಾರವು ಆಶ್ಚರ್ಯವೆನಿಸಲಾರದು.

೩

ಇನ್ನು ಶಾಸನಗಳ ಕಡೆಗೆ ಬರೋಣ. ಕನ್ನಡನಾಡಿನ ಮಧ್ಯಯುಗದ ಕ್ರಯಶಾಸನಗಳಲ್ಲಿ ಎಲ್ಲೆಗಳ ವಿವರ, ಧಾರಾಪೂರ್ವಕವಾದ ಒಪ್ಪಿಸುವಿಕೆ, ಸಾಕ್ಷಿಗಳ ಒಪ್ಪ ಇವು ಕಾಣಬರುತ್ತವೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಎಣಿಸಿ ಹೇಳುವ ವಾಡಿಕೆಯೂ ಉಂಟು. ಇಂದಿನ ಕ್ರಯಪತ್ರಗಳಲ್ಲಿಯೂ ಈ ಎಣಿಕೆಯ ನೆರಳನ್ನು ಕಾಣಬಹುದು. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದುದು ಬೆಲೆಯನ್ನು ಕುರಿತ ಒಂದು ಸಿದ್ಧಪದಪುಂಜ. ಕ್ರಯದ್ರವ್ಯವನ್ನು ಹೇಳುವಾಗ ಅದು ‘ತತ್ಕಾಲೋಚಿತ ಮಧ್ಯಸ್ಥ ಪರಿಕಲ್ಪಿತ’ವಾದುದೆಂದೂ ‘ಉಭಯವಾದಿ ಸಂಪ್ರತಿಪನ್ನ’ವಾದುದೆಂದೂ ಲಿಪಿಕಾರರು ಬರೆಯುವರು.

ಈ ಪದಗಳನ್ನು ಬಿಡಿಸಿ ನೋಡಿದರೆ ಮೂರು ನಿಯಮಗಳು ಹೊರಡುತ್ತವೆ. ಬೆಲೆಯು ಆ ಕಾಲಕ್ಕೆ ಉಚಿತವಾಗಿರಬೇಕು. ಅದನ್ನು ಕಲ್ಪಿಸಿದವರು ನಡುವೆ ನಿಂತವರಾಗಿರಬೇಕು. ಕೊಡುವವನೂ ಕೊಳ್ಳುವವನೂ ಅದಕ್ಕೆ ಒಪ್ಪಿರಬೇಕು. ತಂದೆಯು ಕಟ್ಟಿಸುವಾಗ ಎಷ್ಟು ವೆಚ್ಚವಾಯಿತು, ಪಕ್ಕದ ಮನೆ ಹತ್ತು ವರ್ಷದ ಹಿಂದೆ ಎಷ್ಟಕ್ಕೆ ಹೋಯಿತು, ಮಗಳ ಮದುವೆಗೆ ಎಷ್ಟು ಬೇಕಾಗಿದೆ ಎಂಬ ಲೆಕ್ಕಗಳಿಗೆ ಈ ಸೂತ್ರದಲ್ಲಿ ಎಡೆಯಿಲ್ಲ. ಬೆಲೆಯೆಂಬುದು ಕಾಲದ ಸೊತ್ತು, ಗೋಡೆಯ ಸೊತ್ತಲ್ಲ.

೪

ಮಧ್ಯಸ್ಥನ ಸ್ಥಾನಕ್ಕೆ ದಲ್ಲಾಳಿಯು ಬಂದುದು ಹೇಗೆ? ದಲ್ಲಾಳಿ ಎಂಬ ಶಬ್ದವು ಅರಬ್ಬಿಯ ದಲ್ಲಾಲ್ ಎಂಬುದರಿಂದ ಬಂದಿದೆ. ದಾರಿ ತೋರಿಸುವುದೆಂಬುದು ಅದರ ಧಾತ್ವರ್ಥ. ಸಂತೆಯಲ್ಲಿ ದನ, ಧಾನ್ಯ, ಬಟ್ಟೆಗಳ ವ್ಯಾಪಾರವನ್ನು ಕುದುರಿಸುವವನಿಗೆ ಈ ಹೆಸರು ರೂಢಿಯಾಗಿ, ಮುಂದೆ ಮನೆ ನಿವೇಶನಗಳನ್ನು ತೋರಿಸುವವನಿಗೂ ಸಂದಿತು. ಊರಿನವರೆಲ್ಲರೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದಾಗ ದಾರಿ ತೋರಿಸುವವನ ಅಗತ್ಯವಿರಲಿಲ್ಲ. ಕೊಳ್ಳುವವನು ಪರಸ್ಥಳದವನಾದಾಗ ಅವನಿಲ್ಲದೆ ಸಾಗದಾಯಿತು.

ಇದೇ ಸಮಯದಲ್ಲಿ ರಾಜ್ಯದ ಕಾನೂನೂ ಬದಲಾಯಿತು. ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆಯು ೧೦೦ ರೂಪಾಯಿ ಮತ್ತು ಅದಕ್ಕೆ ಮೀರಿದ ಸ್ಥಾವರದ ವಿಕ್ರಯವು ನೋಂದಾಯಿತ ಪತ್ರದಿಂದಲೇ ಆಗತಕ್ಕುದೆಂದು ವಿಧಿಸಿತು. ೧೯೦೮ರ ನೋಂದಣಿ ಕಾಯಿದೆಯು ಆ ಕೆಲಸದ ಕ್ರಮವನ್ನು ನಿಶ್ಚಯಿಸಿತು. ನಾಲ್ವತ್ತು ಕುಲದವರು ಮಾಡುತ್ತಿದ್ದ ಕಾರ್ಯವನ್ನು ಈಗ ಉಪನೋಂದಣಾಧಿಕಾರಿಯ ದಪ್ತರವು ಮಾಡುತ್ತಿದೆ. ಋಣಭಾರ ಪತ್ರವೊಂದನ್ನು ತೆಗೆಸಿದರೆ ಮನೆಯ ಮೇಲೆ ನೋಂದಣಿಯಾದ ಅಡಮಾನ, ಮಾರಾಟಗಳು ತಿಳಿದುಬರುತ್ತವೆ. ವಿಜ್ಞಾನೇಶ್ವರನು ಬಯಸಿದ ಪ್ರಕಾಶತೆಯು ಹೀಗೆ ಹಕ್ಕಿನ ವಿಷಯದಲ್ಲಿ ಉಳಿಯಿತು. ಬೆಲೆಯ ವಿಷಯದಲ್ಲಿ ಉಳಿಯಲಿಲ್ಲ.

ದಲ್ಲಾಳಿಯ ಕರ್ತವ್ಯವನ್ನು ನಿರ್ಣಯಿಸುವುದು ೧೮೭೨ರ ಕರಾರು ಕಾಯಿದೆ. ಅದರಂತೆ ಅವನು ಮಧ್ಯಸ್ಥನಲ್ಲ, ಒಪ್ಪಿಸಿದವನ ಪ್ರತಿನಿಧಿ. ಬೇರೆ ಒಪ್ಪಂದವಿಲ್ಲದಿದ್ದರೆ ಕೆಲಸವು ಪೂರೈಸುವವರೆಗೆ ಅವನಿಗೆ ಪ್ರತಿಫಲವು ಸಲ್ಲುವುದಿಲ್ಲ. ಯಜಮಾನನಿಗೆ ತಿಳಿಸಬೇಕಾದುದನ್ನು ಮರೆಮಾಡಿ ತಾನೇ ಕೊಂಡರೆ ಯಜಮಾನನು ಆ ವ್ಯವಹಾರವನ್ನು ತಳ್ಳಿಹಾಕಬಹುದು. ಕಾಯಿದೆಯು ಒಂದು ಉದಾಹರಣೆಯನ್ನೂ ಕೊಡುತ್ತದೆ: ಮಾರಲು ಒಪ್ಪಿಸಿದ ಭೂಮಿಯಲ್ಲಿ ಗಣಿಯಿರುವುದನ್ನು ಕಂಡ ಪ್ರತಿನಿಧಿಯು ಅದನ್ನು ಬಚ್ಚಿಟ್ಟು ತಾನೇ ಕೊಂಡರೆ, ಉಳಿಸಿಕೊಳ್ಳುವುದೂ ರದ್ದುಮಾಡುವುದೂ ಒಡೆಯನ ಇಚ್ಛೆ.

೨೦೧೬ರ ಸ್ಥಿರಾಸ್ತಿ ಕಾಯಿದೆಯು ದಲ್ಲಾಳಿಗಳು ಸರಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿದೆ. ಆದರೆ ಈ ನಿರ್ಬಂಧವು ಅದೇ ಕಾಯಿದೆಯಂತೆ ನೋಂದಣಿಯಾದ ಹೊಸ ಯೋಜನೆಗಳ ಮನೆ ನಿವೇಶನಗಳಿಗೆ ಸಂಬಂಧಪಟ್ಟುದು. ಅಜ್ಜನು ಕಟ್ಟಿಸಿದ ಹಳೆಯ ಮನೆಯನ್ನು ಮಾರಿಸಿಕೊಡುವವನಿಗೆ ಹಳೆಯ ಕರಾರು ಕಾಯಿದೆಯೇ ಇಂದಿಗೂ ಆಧಾರ. ಆದುದರಿಂದ ಅಂತಹ ಮನೆಯ ಒಡೆಯನು ಪ್ರತಿಫಲವೆಷ್ಟು, ಯಾವಾಗ ಸಲ್ಲತಕ್ಕುದು, ಕೊಳ್ಳುವವನಿಂದಲೂ ತೆಗೆದುಕೊಳ್ಳುವನೋ ಇಲ್ಲವೋ ಎಂಬುದನ್ನು ಮೊದಲೇ ಬರೆಯಿಸಿಕೊಳ್ಳುವುದು ಕ್ಷೇಮಕರ.

೫

ವ್ಯಾಪಾರವು ಬಿರುಸಾಗಿರುವಾಗ ಈ ಭೇದಗಳು ಯಾರ ಗಮನಕ್ಕೂ ಬರುವುದಿಲ್ಲ. ಮಂದವಾದಾಗ ಮಾತ್ರ ಇವುಗಳ ಪರಿಣಾಮವು ತಿಳಿಯುತ್ತದೆ. ಕಾಲವು ಮನೆಗಳ ಭಾಗ್ಯವನ್ನು ಹೇಗೆ ತಿರುಗಿಸಬಲ್ಲುದೆಂಬುದಕ್ಕೆ ಬೆಂಗಳೂರಿನ ಚರಿತ್ರೆಯಲ್ಲಿಯೇ ನಿದರ್ಶನವುಂಟು. ೧೮೯೮ರಲ್ಲಿ ಆ ನಗರದಲ್ಲಿ ಪ್ಲೇಗು ಕಾಣಿಸಿಕೊಂಡಾಗ ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟು ಜನರು ಹೊರಕ್ಕೆ ಹೋದರು. ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಆ ಕಾಲದಲ್ಲಿ ಬೆಳೆದುವು. ಪೇಟೆಯ ಮನೆಯ ಗೋಡೆ, ತೊಲೆ, ಹೆಂಚುಗಳು ಹಿಂದಿನ ವರ್ಷದಲ್ಲಿದ್ದಂತೆಯೇ ಇದ್ದುವು. ಅದರಲ್ಲಿ ಇರಬೇಕೆಂಬ ಜನರ ಇಚ್ಛೆ ಮಾತ್ರ ಇರಲಿಲ್ಲ. ಪ್ಲೇಗು ಇಳಿದ ಮೇಲೆ ಅದೇ ಪೇಟೆಯು ಮತ್ತೆ ತುಂಬಿತು.

ನಮ್ಮ ಕಾಲದಲ್ಲಿ ೨೦೨೦ರ ಕೋವಿಡ್ ವ್ಯಾಧಿಯು ಮನೆಗಳ ಮಾರಾಟವನ್ನು ತಡೆದಾಗ ಸರಕಾರವೇ ಕಾಲವನ್ನು ಒಪ್ಪಿಕೊಳ್ಳಬೇಕಾಯಿತು. ಕರ್ನಾಟಕ ಸರಕಾರವು ೨೦೨೨ರ ಜನವರಿಯಿಂದ ಮಾರ್ಚಿಯವರೆಗೆ ಮಾರ್ಗಸೂಚಿ ಬೆಲೆಗಳನ್ನು ನೂರಕ್ಕೆ ೧೦ರಂತೆ ಇಳಿಸಿತು. ಸಾಮಾನ್ಯವಾಗಿಯಾದರೋ ಈ ಬೆಲೆಯು ಮುಂದಿನ ಪರಿಷ್ಕರಣದವರೆಗೆ ನಿಂತಲ್ಲಿಯೇ ನಿಲ್ಲುವುದು. ಅದಕ್ಕಿಂತ ಕಡಮೆಗೆ ಮನೆ ಹೋದರೂ ಮುದ್ರಾಂಕ ಶುಲ್ಕವನ್ನು ಸಾಧಾರಣವಾಗಿ ಮಾರ್ಗಸೂಚಿ ಬೆಲೆಯ ಮೇಲೆಯೇ ತೆರಬೇಕು. ಸರಕಾರದ ಬೆಲೆಯು ಬಹಿರಂಗವಾದುದು ನಿಜ, ತತ್ಕಾಲೋಚಿತವಲ್ಲ.

ಇನ್ನು ದಲ್ಲಾಳಿಯ ಬೆಲೆ. ಒಂದು ಮನೆಗೆ ಒಡೆಯನು ೫೦ ಲಕ್ಷ ರೂಪಾಯಿ ಹೇಳಿರುವನು, ದಲ್ಲಾಳಿಗೆ ನೂರಕ್ಕೆ ೨ ಎಂದು ಇಟ್ಟುಕೊಳ್ಳೋಣ. ಮನೆಯು ೪೫ ಲಕ್ಷಕ್ಕೆ ಹೋದರೆ ಒಡೆಯನಿಗೆ ೫ ಲಕ್ಷ ಕಡಮೆಯಾಗುವುದು. ದಲ್ಲಾಳಿಗೆ ಕಡಮೆಯಾಗುವುದು ೧೦,೦೦೦ ಮಾತ್ರ. ಅವನಿಗೆ ಬೆಲೆಗಿಂತ ವ್ಯವಹಾರವು ಮುಗಿಯುವುದೇ ಮುಖ್ಯ. ಇಳಿಸಿರೆಂದು ಅವನು ಒತ್ತಾಯಪಡಿಸುವುದರಲ್ಲಿ ಮೋಸವೇನೂ ಇರಬೇಕಾಗಿಲ್ಲ. ಅವನ ಲಾಭದ ದಾರಿಯೇ ಹಾಗಿದೆ.

ಆದರೆ ಇಷ್ಟರಿಂದ ಒಡೆಯನ ಹಟವು ಸರಿಯೆಂದು ಆಗುವುದಿಲ್ಲ. ಅದೇ ೪೫ ಲಕ್ಷವನ್ನು ಇಂದೇ ತೆಗೆದುಕೊಂಡು ನೂರಕ್ಕೆ ೬ರಂತೆ ಬಡ್ಡಿಗೆ ಇಟ್ಟರೆ ಎರಡು ವರ್ಷಗಳಲ್ಲಿ ೫ ಲಕ್ಷ ೪೦ ಸಾವಿರ ಬರುವುದು. ೫೦ ಲಕ್ಷಕ್ಕಾಗಿ ಎರಡು ವರ್ಷ ಕಾದು ಕುಳಿತವನು ಗೆದ್ದೆನೆಂದುಕೊಂಡರೂ ಸೋತಿರುವನು. ಅಷ್ಟರಲ್ಲಿ ಕಂದಾಯ ಬೆಳೆಯುವುದು. ಮಳೆಗೆ ಹೆಂಚು ಸರಿಯುವುದು. ತೊಲೆಗೆ ಗೆದ್ದಲು ಹತ್ತುವುದು. ದೀಪ ಹಚ್ಚದ ಮನೆಯು ವಾಸದ ಮನೆಗಿಂತ ಬೇಗನೆ ಹಾಳಾಗುವುದೆಂಬುದನ್ನು ಹಳ್ಳಿಯವರು ಚೆನ್ನಾಗಿ ಬಲ್ಲರು. ಒಡೆಯನು ನೆನಪಿಗೆ ಬೆಲೆ ಕಟ್ಟುವನು. ಕೊಳ್ಳುವವನು ರಿಪೇರಿಗೆ ಬೆಲೆ ಕಟ್ಟುವನು. ದಲ್ಲಾಳಿಯು ತನ್ನ ದಿನಗಳಿಗೆ ಬೆಲೆ ಕಟ್ಟುವನು. ಕಾಲಕ್ಕೆ ಬೆಲೆ ಕಟ್ಟುವವರು ಯಾರೂ ಇಲ್ಲ.

೬

ಹಿಂದಿನ ವ್ಯವಸ್ಥೆಯು ನಿರ್ದುಷ್ಟವಾಗಿದ್ದಿತೆಂದು ಹೇಳುವುದು ಸಾಧುವಲ್ಲ. ಜ್ಞಾತಿಗಳಿಗೂ ನೆರೆಯವರಿಗೂ ಮೊದಲ ಹಕ್ಕು ಇದ್ದಲ್ಲಿ ಹೊರಗಿನವನಿಗೆ, ಅದರಲ್ಲಿಯೂ ಬೇರೆ ಕುಲದವನಿಗೆ, ಊರೊಳಗೆ ಮನೆ ದೊರೆಯುವುದು ದುಸ್ತರವೇ ಆಗಿದ್ದಿರಬೇಕು. ಆ ಕಟ್ಟು ಸಡಿಲವಾದುದು ನ್ಯಾಯವೇ. ಕಟ್ಟಿನೊಡನೆ ಬೆಲೆಯ ಬಹಿರಂಗತೆಯೂ ನಿಷ್ಪಕ್ಷಪಾತಿಯಾದ ಮಧ್ಯಸ್ಥನೂ ಮರೆಯಾದುದು ನಷ್ಟ.

ಈ ನಷ್ಟವನ್ನು ತುಂಬಿಕೊಳ್ಳುವುದು ಅಸಾಧ್ಯವೇನಲ್ಲ. ಕಳೆದ ಒಂದು ವರ್ಷದಲ್ಲಿ ಅದೇ ಬೀದಿಯಲ್ಲಿ ನೋಂದಣಿಯಾದ ಕ್ರಯಗಳೆಷ್ಟು ಎಂಬುದನ್ನು ವಿಚಾರಿಸಬಹುದು. ಮಾರಾಟದಲ್ಲಿ ಲಾಭವಿಲ್ಲದ, ಗೊತ್ತಾದ ಶುಲ್ಕವನ್ನು ಮಾತ್ರ ತೆಗೆದುಕೊಳ್ಳುವ ಬೆಲೆಗಾರನಿಂದ ಮನೆಯನ್ನು ನೋಡಿಸಬಹುದು. ಊರಿನ ನಾಲ್ಕು ಜನ ತಿಳಿದವರನ್ನು ಕೇಳಬಹುದು. ದಲ್ಲಾಳಿಯು ದಾರಿ ತೋರಿಸಲಿ, ಅವನ ಹೆಸರಿನ ಅರ್ಥವೇ ಅದು. ಬೆಲೆಯನ್ನು ಮಧ್ಯಸ್ಥರು ಕಲ್ಪಿಸಲಿ. ಆ ಬೆಲೆಯು ಆಶೆಗಿಂತ ಕಡಮೆಯಾಗಿ ಬಂದರೆ, ಅದು ಮನೆಗಾಗಲಿ ಕಟ್ಟಿಸಿದ ಹಿರಿಯರಿಗಾಗಲಿ ಆದ ಅಪಮಾನವೆಂದು ಒಡೆಯನು ಕೊರಗಬೇಕಾಗಿಲ್ಲ. ಆರೇಳು ನೂರು ವರ್ಷಗಳ ಹಿಂದೆ ಕಲ್ಲಿನ ಮೇಲೆ ತತ್ಕಾಲೋಚಿತವೆಂಬ ಮಾತನ್ನು ಕೆತ್ತಿಸಿದವರೂ ತಮ್ಮ ಪೂರ್ವಿಕರ ಸೊತ್ತನ್ನೇ ಮಾರುತ್ತಿದ್ದರು; ಕಾಲದ ಬೆಲೆಯನ್ನು ತೆಗೆದುಕೊಂಡು, ನೀರು ಬಿಟ್ಟು, ಕೊಡುವವರಾಗಿಯೇ ಅವರು ಹೊಸ್ತಿಲು ದಾಟಿದರು.