ಡಯಾಲಿಸಿಸ್ ರೋಗಿಯ ಹೃದಯ: ಮಾತ್ರೆಗಿಂತ ಮೊದಲು ವೇಳೆಯ ಪ್ರಶ್ನೆ

ಪಶ್ಚಿಮ ಬೆಂಗಳೂರಿನಲ್ಲಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿಂದ ಹಿಡಿದು ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ಖಾಸಗಿ ಆಸ್ಪತ್ರೆಗಳವರೆಗೆ ಎಲ್ಲೇ ನೋಡಿದರೂ, ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಫೈಲು ಇಬ್ಬರು ವೈದ್ಯರ ನಡುವೆ ಓಡಾಡುತ್ತಿರುತ್ತದೆ. ಕ್ರಿಯಾಟಿನಿನ್, ಹಿಮೋಗ್ಲೋಬಿನ್ ನೋಡುವವರು ಕಿಡ್ನಿ ಡಾಕ್ಟರು. ಎಕೋ ರಿಪೋರ್ಟು ನೋಡುವವರು ಹಾರ್ಟ್ ಡಾಕ್ಟರು. 'ಪಂಪಿಂಗ್ ಕಮ್ಮಿಯಾಗಿದೆ' ಎಂದ ಕೂಡಲೇ ಮನೆಯವರು ಹಳೆಯ ಕಾಯಿಲೆಯ ಮೇಲೆ ಹೊಸದೊಂದು ಬಂತೆಂದು ಕಂಗಾಲಾಗುತ್ತಾರೆ. ಆದರೆ ಈ ವಿಷಯದಲ್ಲಿ ನಡೆದ ಸಂಶೋಧನೆಯ ಹಾದಿಯನ್ನು ನೋಡಿದರೆ ಬೇರೆಯೇ ಮಾತು ತೋರುತ್ತದೆ. ಈ ಹೃದಯದ ತೊಂದರೆಯಲ್ಲಿ ದೊಡ್ಡ ಪಾಲು ನೀರು, ಉಪ್ಪು ಮತ್ತು ಚಿಕಿತ್ಸೆಯ ವೇಳೆಗೆ ಸೇರಿದ್ದು. ಹಾಗಾಗಿ ಅದರ ಆರೈಕೆಯೂ ಡಯಾಲಿಸಿಸ್ ವೇಳಾಪಟ್ಟಿಯಿಂದಲೇ ಶುರುವಾಗಬೇಕು.

ಕಿಡ್ನಿ ಮತ್ತು ಹೃದಯದ ನಂಟು ಹೊಸ ಸಂಗತಿಯೇನಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್, ಕಿಡ್ನಿ ಕೆಟ್ಟು ಸತ್ತವರ ಹೃದಯದ ಗೋಡೆ ದಪ್ಪಗಾಗಿದ್ದನ್ನು 1836ರಲ್ಲೇ ಬರೆದಿಟ್ಟಿದ್ದ. ಆಗ ಅಂಥ ರೋಗಿಗಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. 1943ರಲ್ಲಿ ನೆದರ್ಲೆಂಡ್ಸಿನ ವಿಲೆಮ್ ಕೋಲ್ಫ್ ಕಟ್ಟಿದ ಯಂತ್ರ ಕೆಲವು ದಿನಗಳ ಸಂಕಟವನ್ನು ದಾಟಿಸುವಂಥದ್ದು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ರಕ್ತನಾಳಕ್ಕೆ ಟೆಫ್ಲಾನ್ ಕೊಳವೆ ಜೋಡಿಸಿದ ಮೇಲೆಯೇ ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯಿತು. ಆ ವಿಧಾನದ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ 11 ವರ್ಷ ಬದುಕಿ, 1971ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. 1974ರಲ್ಲಿ ಸಿಯಾಟಲ್ ತಂಡವೇ, ದೀರ್ಘ ಡಯಾಲಿಸಿಸ್‌ನಲ್ಲಿರುವವರ ರಕ್ತನಾಳಗಳು ಬೇಗ ಕಟ್ಟಿಕೊಳ್ಳುತ್ತವೆ ಎಂದು ವಾದಿಸಿತು. ಅಲ್ಲಿಂದ ಮುಂದೆ ಬಹುಕಾಲ ಎಲ್ಲರ ಗಮನ ರಕ್ತನಾಳದ ಅಡಚಣೆಯ ಮೇಲೇ ನಿಂತಿತು.

ಗಮನ ಹೃದಯದ ಸ್ನಾಯುವಿನ ಕಡೆ ಮತ್ತೆ ಹೊರಳಿದ್ದು ಎಕೋ ಪರೀಕ್ಷೆಯಿಂದ. ಕೆನಡಾದ ಫೋಲಿ, ಪಾರ್ಫ್ರಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ 433 ರೋಗಿಗಳ ಅಧ್ಯಯನದಲ್ಲಿ, ಡಯಾಲಿಸಿಸ್ ಶುರುವಾಗುವ ಹೊತ್ತಿಗೇ ಶೇ. 74 ಮಂದಿಯ ಎಡ ಹೃತ್ಕುಕ್ಷಿ ದಪ್ಪಗಾಗಿತ್ತು, ಶೇ. 15 ಮಂದಿಗೆ ಪಂಪಿಂಗ್ ಕುಗ್ಗಿತ್ತು. ಬಿಪಿ, ರಕ್ತಹೀನತೆ, ಮೈಯಲ್ಲಿ ನಿಂತ ನೀರು, ರಕ್ತನಾಳಗಳಲ್ಲಿ ಕೂರುವ ಕ್ಯಾಲ್ಸಿಯಂ, ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾದಿಂದ ಹೆಚ್ಚುವ ರಕ್ತದ ಹರಿವು ಎಲ್ಲವೂ ಇದರಲ್ಲಿ ಪಾಲುದಾರರು. ಒಂದೊಂದಕ್ಕೂ ಒಂದೊಂದು ಔಷಧ ಹುಡುಕುವ ಪ್ರಯತ್ನ ನಡೆಯಿತು. ಎರಿಥ್ರೊಪೊಯೆಟಿನ್ ಇಂಜೆಕ್ಷನ್ ರಕ್ತಹೀನತೆಯನ್ನು ನೀಗಿಸಿತು. ಆದರೆ ಹಿಮೋಗ್ಲೋಬಿನ್ನನ್ನು ಸಹಜ ಮಟ್ಟಕ್ಕೇ ಏರಿಸಹೊರಟ 1998ರ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಕೊಬ್ಬಿಳಿಸುವ ಸ್ಟ್ಯಾಟಿನ್ ಮಾತ್ರೆಗಳು ಉಳಿದವರಿಗೆ ಎಷ್ಟೇ ಒಳ್ಳೆಯದು ಮಾಡಿದ್ದರೂ, 2005 ಮತ್ತು 2009ರ ದೊಡ್ಡ ಪ್ರಯೋಗಗಳಲ್ಲಿ ಡಯಾಲಿಸಿಸ್ ರೋಗಿಗಳಿಗೆ ಸ್ಪಷ್ಟ ಲಾಭ ತೋರಿಸಲಿಲ್ಲ.

ಹಾಗಾದರೆ ಕಣ್ಣು ತಪ್ಪಿದ್ದೆಲ್ಲಿ? ಉತ್ತರವನ್ನು ತೂಕದ ಯಂತ್ರದ ಮೇಲೆ ಕಾಣಬಹುದು. 60 ಕಿಲೊ 'ಡ್ರೈ ವೇಟ್' (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ) ಇರುವವರು 63 ಕಿಲೊ ಆಗಿ ಬಂದರೆ, ನಾಲ್ಕು ಗಂಟೆಯಲ್ಲಿ ಮೂರು ಲೀಟರ್ ನೀರು ತೆಗೆಯಬೇಕು. ಅಂದರೆ ಗಂಟೆಗೆ, ಕಿಲೊಗೆ 12.5 ಮಿ.ಲೀ. ನಡುವೆ ಒಂದು ಸರದಿ ತಪ್ಪಿ 64.5 ಆದರೆ ಅದು ಸುಮಾರು 19ಕ್ಕೆ ಏರುತ್ತದೆ. 13 ಮಿ.ಲೀ. ದಾಟಿದವರಲ್ಲಿ ಸಾವು ಹೆಚ್ಚೆಂದು 2011ರ ವಿಶ್ಲೇಷಣೆಯೊಂದು ತೋರಿಸಿತು. ಇಂಗ್ಲೆಂಡಿನ ಕ್ರಿಸ್ಟಫರ್ ಮೆಕಿಂಟೈರ್ ತಂಡ ಡಯಾಲಿಸಿಸ್ ನಡೆಯುತ್ತಿರುವಾಗಲೇ ಎಕೋ ಮಾಡಿ, ನೀರು ವೇಗವಾಗಿ ಇಳಿದು ಬಿಪಿ ಬಿದ್ದಾಗ ಹೃದಯದ ಗೋಡೆಯ ಕೆಲವು ಭಾಗ ಸ್ತಬ್ಧವಾಗುವುದನ್ನು ಕಂಡಿತು. ಮತ್ತೆ ಮತ್ತೆ ಹೀಗಾದವರಲ್ಲಿ ಪಂಪಿಂಗ್ ಕುಗ್ಗುತ್ತ ಹೋಯಿತು. ವಾರದಲ್ಲಿ ಮೂರು ಸಲ ಡಯಾಲಿಸಿಸ್ ಇರುವ 32,000ಕ್ಕೂ ಹೆಚ್ಚು ಅಮೆರಿಕನ್ ರೋಗಿಗಳಲ್ಲಿ, ಎರಡು ದಿನದ ಬಿಡುವಿನ ಮರುದಿನವೇ ಸಾವು ಹೆಚ್ಚು. 2010ರ ಪ್ರಯೋಗದಲ್ಲಿ ವಾರಕ್ಕೆ ಆರು ಸಲ ಡಯಾಲಿಸಿಸ್ ಮಾಡಿದಾಗ ಎಡ ಹೃತ್ಕುಕ್ಷಿಯ ದಪ್ಪ ಇಳಿಯಿತು.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವೂ ಅಲ್ಲ. ಡಯಾಲಿಸಿಸ್‌ಗೆ ಬರುವ ಮೊದಲೇ ಸಕ್ಕರೆ ಕಾಯಿಲೆ, ಬಿಪಿ ಹೃದಯವನ್ನು ಕೆಡಿಸಿರುವುದಿಲ್ಲವೇ? ಹೌದು. ಆದರೆ ಕೆಟ್ಟದ್ದೆಲ್ಲ ಶಾಶ್ವತವಲ್ಲ: ಪಂಪಿಂಗ್ ಶೇ. 40 ಅಥವಾ ಅದಕ್ಕಿಂತ ಕಡಿಮೆಯಿದ್ದ 103 ಮಂದಿಗೆ ಕಿಡ್ನಿ ಕಸಿ ಮಾಡಿದಾಗ, ಸರಾಸರಿ ಶೇ. 32ರಿಂದ 52ಕ್ಕೆ ಏರಿದ್ದನ್ನು ಅಮೆರಿಕದ ವೈದ್ಯರು 2005ರಲ್ಲಿ ದಾಖಲಿಸಿದರು. ಕಸಿಗೆ ಗಟ್ಟಿಮುಟ್ಟಾದವರನ್ನೇ ಆರಿಸುತ್ತಾರೆ ಎನ್ನಬಹುದು. ಆದರೂ ಅದೇ ಹೃದಯ ಚೇತರಿಸಿಕೊಂಡದ್ದು ಸುಳ್ಳಲ್ಲ. ಡಯಾಲಿಸಿಸ್ ವಿಧಾನ ಬದಲಿಸಿದ್ದೆಲ್ಲ ಫಲಿಸಿಲ್ಲ ಎಂಬುದೂ ನಿಜ. ಡಯಾಲಿಸಿಸ್ ದ್ರವವನ್ನು ತಣ್ಣಗಿಡುವ ಉಪಾಯ ಕೆನಡಾದ 2022ರ ಬೃಹತ್ ಪ್ರಯೋಗದಲ್ಲಿ ಸೋತಿತು. ಆರು ದಿನದ ಕ್ರಮದಲ್ಲಿ ಫಿಸ್ಟುಲಾದ ರಿಪೇರಿಗಳು ಹೆಚ್ಚಾದವು. ಆದರೆ 2023ರಲ್ಲಿ ಯೂರೋಪಿನ 1,360 ಮಂದಿಯ ಪ್ರಯೋಗದಲ್ಲಿ, ಹೆಚ್ಚು ದ್ರವ ಬಳಸಿ ರಕ್ತ ಶೋಧಿಸುವ ಹಿಮೊಡಯಾಫಿಲ್ಟ್ರೇಷನ್ ಸಾವನ್ನು ಶೇ. 21.9ರಿಂದ 17.3ಕ್ಕೆ ಇಳಿಸಿತು. ಚಿಕಿತ್ಸೆಯ ರೀತಿ ಮುಖ್ಯ ಎನ್ನಲು ಇಷ್ಟು ಆಧಾರ ಸಾಕು.

ನಮ್ಮಲ್ಲಿ ಪ್ರಶ್ನೆ ಆರು ಸಲದ್ದಲ್ಲ. ಎರಡೋ ಮೂರೋ ಎಂಬುದು. ಮೂತ್ರ ಇನ್ನೂ ಚೆನ್ನಾಗಿ ಬರುತ್ತಿರುವವರಿಗೆ ವಾರಕ್ಕೆರಡು ಸಾಲಬಹುದು. ಆದರೆ ಬಹಳ ಮಂದಿ ಎರಡಕ್ಕೆ ನಿಲ್ಲುವುದು ಮೂತ್ರದ ಲೆಕ್ಕದಿಂದಲ್ಲ, ದುಡ್ಡಿನ ಲೆಕ್ಕದಿಂದ. 2016ರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳು ಬಡವರ ಡಯಾಲಿಸಿಸ್ ಖರ್ಚಿಗೆ ಹೆಗಲು ಕೊಡುತ್ತವೆ. ಆದರೆ ಆಟೋ ಬಾಡಿಗೆಯನ್ನೂ, ಜೊತೆಗೆ ಬಂದವರು ಕಳೆದುಕೊಂಡ ದಿನಗೂಲಿಯನ್ನೂ ಕೊಡುವುದಿಲ್ಲ. ಕೆಂಗೇರಿಯವರಿಗೆ ಕೆಂಗೇರಿಯಲ್ಲೇ, ರಾಜಾಜಿನಗರದವರಿಗೆ ಅಲ್ಲೇ ಮೂರನೆಯ ಸರದಿ ಸಿಕ್ಕರೆ ಅದೇ ಹೃದಯದ ಚಿಕಿತ್ಸೆ. ಸಾರು, ಉಪ್ಪಿನಕಾಯಿ, ಹಪ್ಪಳದ ಉಪ್ಪು ಕಡಿಮೆಯಾದರೆ ಬಾಯಾರಿಕೆಯೂ ತೂಕವೂ ತಗ್ಗುತ್ತವೆ. ಎಕೋವನ್ನು ಆದಷ್ಟೂ ಡಯಾಲಿಸಿಸ್‌ನ ಮರುದಿನ ಮಾಡಿಸಿ, ಅಂದಿನ ತೂಕವನ್ನು ರಿಪೋರ್ಟಿನಲ್ಲೇ ಬರೆಸಬೇಕು. ಮೈತುಂಬ ನೀರಿದ್ದಾಗ ಮಾಡಿದ ಎಕೋ ದಾರಿ ತಪ್ಪಿಸುತ್ತದೆ. ಪಂಪಿಂಗ್ ಕುಗ್ಗಿತೆಂದು ಇನ್ನೊಂದು ಮಾತ್ರೆ ಬರೆಯುವ ಮುನ್ನ, ವಾರಕ್ಕೆ ಎಷ್ಟು ಸಲ, ಎಷ್ಟು ಗಂಟೆ, ಎಷ್ಟು ನೀರು ಎಂಬ ಮೂರು ಪ್ರಶ್ನೆಗಳನ್ನು ಕಿಡ್ನಿ ಡಾಕ್ಟರೂ ಹಾರ್ಟ್ ಡಾಕ್ಟರೂ ಒಟ್ಟಿಗೆ ಕೇಳಬೇಕು.