ನಕಾಶೆ ದೊರೆಯದು, ಉಪ್ಪಿನ ಖರ್ಚು ರೈತನದು

ಚೀನಾದ ಹಾನ್ ವಂಶದ ಚಕ್ರವರ್ತಿ ವೂ ಅಂದ್ರೆ ಎಲ್ಲರೂ ಮೊದಲು ತೋರಿಸೋದು ನಕಾಶೆ. ಕ್ರಿ.ಪೂ. 141ರಲ್ಲಿ ಹದಿಹರೆಯದಲ್ಲೇ ಪಟ್ಟಕ್ಕೆ ಬಂದವನು 54 ವರ್ಷ ಆಳಿದ. ಉತ್ತರದ ಶಿಯೊಂಗ್ನು ಕುದುರೆ ಸವಾರರನ್ನು ಗೋಬಿ ಮರುಭೂಮಿಯಾಚೆ ಅಟ್ಟಿದ. ಕ್ರಿ.ಪೂ. 111ರಲ್ಲಿ ದಕ್ಷಿಣದ ನಾನ್ಯುಯೆ, 108ರಲ್ಲಿ ಕೊರಿಯಾದ ಉತ್ತರ ಭಾಗ ಗೆದ್ದ. ಒಳ್ಳೆ ಕುದುರೆ ಬೇಕು ಅಂತ ಮಧ್ಯ ಏಷ್ಯಾದ ಫರ್ಗಾನಾವರೆಗೂ ದಂಡು ಕಳಿಸಿದ.

ಸರಿ, ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಬಂತು? ಹಳ್ಳಿಯಲ್ಲಿ ಬೆಳೆದ ನನಗೆ ಮೊದಲು ಏಳೋ ಪ್ರಶ್ನೆ ಇದು. ಅಪ್ಪ, ತಾತ ಕೂಡಿಟ್ಟ ಖಜಾನೆ ಕರಗಿದಾಗ ದೊರೆ ಉಪ್ಪು, ಕಬ್ಬಿಣ ಎರಡನ್ನೂ ಸರ್ಕಾರದ ಕೈಗೆ ತಗೊಂಡ. ಲೆಕ್ಕ ಸರಳ: ರೈತ ಬೇರೆ ಏನು ಬಿಟ್ಟರೂ ಉಪ್ಪು, ನೇಗಿಲ ಗುಳ ಬಿಡೋಕಾಗಲ್ಲ.

ಕ್ರಿ.ಪೂ. 89ರ ಹೊತ್ತಿಗೆ ದೊರೆಗೂ ಸಾಕಾಗಿತ್ತು. ದೂರದ ಲುಂಟಾಯ್‌ನಲ್ಲಿ ಸೈನಿಕರ ಬೇಸಾಯದ ನೆಲೆ ಮಾಡೋಣ ಅಂತ ಬಂದ ಪ್ರಸ್ತಾಪ ತಳ್ಳಿಹಾಕಿ, ಇನ್ನು ಬೇಸಾಯ ನೋಡೋಣ ಅಂದ. ಎರಡು ವರ್ಷಕ್ಕೆ ತೀರಿಕೊಂಡ.

ಕ್ರಿ.ಪೂ. 81ರಲ್ಲಿ ಆಸ್ಥಾನದಲ್ಲೇ ದೊಡ್ಡ ಚರ್ಚೆ ನಡೀತು. ಸರ್ಕಾರಿ ಕಬ್ಬಿಣದ ಸಲಕರಣೆ ಕಳಪೆ, ದುಬಾರಿ ಅಂತ ವಿದ್ವಾಂಸರು ದೂರಿದರು. ಆದರೂ ಉಪ್ಪಿನ ಹಿಡಿತ ಸಡಿಲವಾಗಲಿಲ್ಲ. ಮುಂದಿನ ಎಷ್ಟೋ ರಾಜವಂಶಗಳು ಅದೇ ದಾರಿ ಹಿಡಿದವು. ಯುದ್ಧ ನಿಂತರೂ ಯುದ್ಧಕ್ಕೆಂದು ಹಾಕಿದ ಹೊರೆ ಇಳಿಯಲ್ಲ.